ಪುಸ್ತಕ ಬಂದು ಎಷ್ಟೋ ವರ್ಷಗಳಾದ ಮೇಲೆ ಓದುಗರು ಬರೆಯತೊಡಗಿದ್ದಾರೆ: ಮರುಮುದ್ರಣದಲ್ಲಿ ಆತ್ಮಕಥನದ ಪಠ್ಯವನ್ನು ಮುಟ್ಟಬಹುದೇ?

ಪ್ರಶ್ನೆ: ಪುಟತಿರುವು

ಎಲ್ಲರಿಗೂ ನಮಸ್ಕಾರ. ಆತ್ಮಕಥನ ಬರೆದವರು, ಅಂಥ ಪುಸ್ತಕಗಳನ್ನು ಸಂಪಾದಿಸಿದವರು ಇಲ್ಲಿ ಕೆಲವರಾದರೂ ಇದ್ದೀರಿ ಎಂಬ ನಂಬಿಕೆಯಿಂದ ಈ ಪ್ರಶ್ನೆಯನ್ನು ತುಸು ವಿವರವಾಗಿಯೇ ಮುಂದಿಡುತ್ತಿದ್ದೇನೆ.

ನನ್ನ ಅಣ್ಣನಿಗೆ ಹರೆಯದಲ್ಲಿ ತೀವ್ರವಾದ ಮಾನಸಿಕ ಕಾಯಿಲೆ ಕಾಣಿಸಿಕೊಂಡಿತು. ಆ ವರ್ಷಗಳಲ್ಲಿ ನಮ್ಮ ಮನೆಯೊಳಗೆ ನಡೆದದ್ದನ್ನು ಕುರಿತು ನಾನು ಮೂವತ್ತರ ಆಸುಪಾಸಿನಲ್ಲಿ ಒಂದು ಪುಸ್ತಕ ಬರೆದೆ. ಚಿಕ್ಕ ಪ್ರಕಾಶನವೊಂದು ಅದನ್ನು ಹೊರತಂದಿತು. ಬಂಧುಗಳಲ್ಲಿ ಕೆಲವರು ಮುನಿಸಿಕೊಂಡರು, ಗೆಳತಿಯರಲ್ಲಿ ಕೆಲವರು ಮೆಚ್ಚಿಕೊಂಡರು, ಒಂದೆರಡು ಕಡೆ ಸಣ್ಣ ಪರಿಚಯ ಲೇಖನ ಬಂತು. ಅಲ್ಲಿಗೆ ಎಲ್ಲವೂ ತಣ್ಣಗಾಯಿತು. ಪುಸ್ತಕ ಮಾರಾಟದಲ್ಲಿಲ್ಲ ಎಂಬ ಸ್ಥಿತಿ ಬಂದು ಎಷ್ಟು ಕಾಲವಾಯಿತೆಂಬುದೂ ನನ್ನ ಗಮನದಲ್ಲಿರಲಿಲ್ಲ. ಬರೆದು ಮುಗಿಸಿದ್ದರಿಂದ ಸಿಗಬೇಕಾದ ನೆಮ್ಮದಿ ನನಗೆ ಸಿಕ್ಕಿದೆ ಎಂದುಕೊಂಡು ಬೇರೆ ಬರಹಗಳಿಗೆ ತೊಡಗಿಕೊಂಡಿದ್ದೆ.

ಈಚೆಗೆ ಪತ್ರಗಳು ಬರತೊಡಗಿವೆ. ಮನೆಯಲ್ಲಿ ಇಂಥದೇ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ಒಬ್ಬರು ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ಕಂಡು, ತಮ್ಮ ಹಾಗೆಯೇ ಇರುವ ನಾಲ್ಕು ಜನರಿಗೆ ಹೇಳಿದರಂತೆ. ಅವರಿಂದ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಸುದ್ದಿ ಹೋಗಿದೆ. ಹಳೆಯ ಪ್ರತಿಗಳು ಕೈಯಿಂದ ಕೈಗೆ ದಾಟುತ್ತಿವೆ. ಬರೆಯುವವರಲ್ಲಿ ಹೆಚ್ಚಿನವರು ಪುಸ್ತಕ ಬಂದಾಗ ಇನ್ನೂ ಶಾಲೆಗೆ ಹೋಗುತ್ತಿದ್ದವರು. ಈಗ ಅವರ ತಮ್ಮನಿಗೋ ಮಗಳಿಗೋ ಕಾಯಿಲೆ ಬಂದಿದೆ. ಹಾಗಾಗಿ ನಾನು ಎಂದೋ ಬರೆದದ್ದು ಅವರಿಗೆ ಈ ವಾರದ ಸಂಗತಿಯಾಗಿದೆ.

ಇದರಿಂದ ನನಗಾಗಿರುವ ಸಂತೋಷವನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಜೊತೆಯಲ್ಲೇ ಒಂದು ಸಂಕಟವೂ ಬಂದಿದೆ. ಪುಸ್ತಕದಲ್ಲಿ ನನ್ನ ಅಪ್ಪ ಕಠಿಣ ಮನುಷ್ಯರಾಗಿ ಬರುತ್ತಾರೆ. ಅವರು ರಾತ್ರಿ ಅಣ್ಣನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಬಾಗಿಲೆದುರು ಕುರ್ಚಿ ಹಾಕಿಕೊಂಡು ಬೆಳಗಿನವರೆಗೂ ಕೂರುತ್ತಿದ್ದರು. ಆ ರಾತ್ರಿಗಳನ್ನು ನಾನು ಪಕ್ಕದ ಕೋಣೆಯಲ್ಲಿ ಮಲಗಿದ್ದ ಹುಡುಗಿಯ ಸಿಟ್ಟಿನಿಂದ ಬರೆದಿದ್ದೇನೆ. ಓದುಗರ ಪತ್ರಗಳಲ್ಲಿ ಅಪ್ಪನ ಮೇಲೆ ಕೋಪ ತುಂಬಿರುತ್ತದೆ. ಅಂಥ ತಂದೆಯನ್ನು ಹೇಗೆ ಸಹಿಸಿಕೊಂಡಿರಿ ಎಂದು ಕೇಳುತ್ತಾರೆ. ಅಪ್ಪ ತೀರಿಕೊಂಡಿದ್ದಾರೆ, ನಾನೀಗ ಆಗಿನ ಅವರ ವಯಸ್ಸನ್ನು ದಾಟಿದ್ದೇನೆ, ಅವರ ಬಗ್ಗೆ ನನಗೆ ಈಗ ಇರುವ ಭಾವನೆ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಒಂದು ಪತ್ರ ಮಾತ್ರ ಬೇರೆ ಬಗೆಯದು. ಕಾಯಿಲೆಯ ಮಗನಿರುವ ಒಬ್ಬ ತಂದೆ ಬರೆದದ್ದು. ಅಪ್ಪ ಆ ಕುರ್ಚಿಯಲ್ಲಿ ಕೂತು ಆಗಾಗ ಕೆಮ್ಮುತ್ತಿದ್ದರು ಎಂದು ನಾನು ಒಂದು ಕಡೆ ಬರೆದಿದ್ದೇನೆ. ನಿದ್ದೆಗೆಟ್ಟ ಮನುಷ್ಯನ ಅಸಹನೆಯ ಗುರುತಾಗಿ ಆ ಮಾತು ಅಲ್ಲಿ ಬಂದಿದೆ. ಆ ವಾಕ್ಯವನ್ನೇ ಹಿಡಿದು ಅವರು ಹೀಗೆ ಬರೆದಿದ್ದಾರೆ: ‘ಒಳಗಿರುವವನಿಗೆ ಹೊರಗೆ ಯಾರೋ ಇದ್ದಾರೆಂದು ತಿಳಿಯಲಿ ಎಂದೇ ನಿಮ್ಮ ತಂದೆ ಕೆಮ್ಮುತ್ತಿದ್ದಿರಬೇಕು. ಮಾತನಾಡಿಸಿದರೆ ಹುಡುಗ ಕೆರಳುತ್ತಾನೆ, ಸುಮ್ಮನಿದ್ದರೆ ಹೆದರುತ್ತಾನೆ. ನಾನೂ ಹಾಗೆಯೇ ಕೆಮ್ಮುತ್ತೇನೆ.’ ಆ ಪತ್ರವನ್ನು ಓದಿದ ದಿನ ನನ್ನಿಂದ ಬೇರೆ ಯಾವ ಕೆಲಸವೂ ಆಗಲಿಲ್ಲ.

ಈಗ ಬೇರೊಂದು ಪ್ರಕಾಶನದವರು ಮರುಮುದ್ರಣ ಮಾಡುತ್ತೇವೆ ಎಂದು ಮುಂದೆ ಬಂದಿದ್ದಾರೆ. ನನ್ನ ಪ್ರಶ್ನೆ ಇಷ್ಟು. ಅಪ್ಪನನ್ನು ಕುರಿತ ಭಾಗಗಳನ್ನು ಈಗಿನ ತಿಳಿವಳಿಕೆಯಿಂದ ಮತ್ತೆ ಬರೆಯುವುದು ಸರಿಯೇ, ಅಥವಾ ಪಠ್ಯವನ್ನು ಇದ್ದಂತೆಯೇ ಬಿಡಬೇಕೇ? ಹಾಗೆ ಬಿಡುವುದಾದರೆ ಅಪ್ಪನ ಮೇಲೆ ಸಿಟ್ಟಾಗಿ ಬರೆಯುವ ಓದುಗರಿಗೆ ನಾನು ಏನೆಂದು ಉತ್ತರಿಸಲಿ?

ಉತ್ತರ: ಕರಡುಪ್ರತಿ

ನಿಮ್ಮ ಪ್ರಶ್ನೆಯನ್ನು ಓದಿ ಉತ್ತರಿಸದೆ ಇರಲಾಗಲಿಲ್ಲ, ಏಕೆಂದರೆ ನನ್ನ ಆತ್ಮಕಥನಕ್ಕೂ ಹೀಗೆಯೇ ತಡವಾಗಿ ಓದುಗರು ಬಂದರು. ಅದು ಕೆಲಸ ಕಳೆದುಕೊಂಡು, ಸಾಲದಲ್ಲಿ ಮುಳುಗಿ, ಮನೆಯವರಿಂದ ದೂರವಾಗಿದ್ದ ನನ್ನ ಕೆಲವು ವರ್ಷಗಳ ಕಥೆ. ಅಚ್ಚಾದಾಗ ಯಾರೂ ಕೇಳಲಿಲ್ಲ. ಬಹಳ ಕಾಲದ ನಂತರ, ದೊಡ್ಡ ಪ್ರಮಾಣದಲ್ಲಿ ಜನ ಕೆಲಸ ಕಳೆದುಕೊಳ್ಳುತ್ತಿದ್ದ ಒಂದು ಹೊತ್ತಿನಲ್ಲಿ, ಅದು ಓದುಗರ ಕೈಗೆ ಹೇಗೋ ಸಿಕ್ಕಿತು.

ಮೊದಲು ನನ್ನನ್ನು ತಬ್ಬಿಬ್ಬುಗೊಳಿಸಿದ್ದು ಕಾಲದ ವ್ಯತ್ಯಾಸ. ಓದುಗರು ನನ್ನ ಬದುಕಿನ ಆ ಭಾಗದಿಂದ ಈಗಷ್ಟೇ ಹೊರಬಂದಿರುತ್ತಾರೆ. ಅಲ್ಲಿನ ಮನೆಯ ಮೆಟ್ಟಿಲು, ಸಾಲ ಕೊಟ್ಟವನ ಮಾತಿನ ಧಾಟಿ, ಯಾವ ಸಂಜೆ ಯಾರು ಬಂದರು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಒಬ್ಬ ಓದುಗರು ಕೇಳಿದ್ದು ಯಾವ ಘಟನೆಯ ಬಗ್ಗೆ ಎಂದು ತಿಳಿಯದೆ ನಾನು ನನ್ನ ಪುಸ್ತಕವನ್ನೇ ಕಪಾಟಿನಿಂದ ತೆಗೆದು ಹುಡುಕಬೇಕಾಯಿತು. ನನ್ನ ಆ ವರ್ಷಗಳ ಮಟ್ಟಿಗೆ ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಸ್ವಲ್ಪ ಸಮಯ ಹಿಡಿಯುತ್ತದೆ.

ಪಠ್ಯವನ್ನು ತಿದ್ದುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು: ಮುಟ್ಟಬೇಡಿ. ಭಾವುಕತೆಯಿಂದ ಈ ಮಾತನ್ನು ಹೇಳುತ್ತಿಲ್ಲ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿಕೊಟ್ಟಂತೆ, ನೆನಪು ಎಂಬುದು ಎತ್ತಿಟ್ಟಲ್ಲಿಂದ ಹಾಗೆಯೇ ಹೊರಗೆ ಬರುವಂಥದ್ದಲ್ಲ; ಪ್ರತಿ ಸಲವೂ ನಾವು ಅದನ್ನು ಹೊಸದಾಗಿ ಕಟ್ಟಿಕೊಳ್ಳುತ್ತೇವೆ, ಕಟ್ಟುವಾಗ ಇಂದಿನ ನಮ್ಮ ನಿರೀಕ್ಷೆ, ನಂಬಿಕೆಗಳು ಅದರೊಳಗೆ ಸೇರಿಕೊಳ್ಳುತ್ತವೆ. ಆತ್ಮಕಥನ ಬರೆದವರಿಗೆ ಇನ್ನೂ ಒಂದು ತೊಡಕಿದೆ. ಒಮ್ಮೆ ಬರೆದು ಅಚ್ಚಾದ ಮೇಲೆ ನಮಗೆ ನೆನಪಾಗುವುದು ಬಹಳ ಸಲ ನಡೆದ ಸಂಗತಿಯಲ್ಲ, ನಾವು ಬರೆದ ಪ್ಯಾರಾ. ನನಗಂತೂ ಸಾಲ ಕೊಟ್ಟವನ ಮುಖ ಈಗ ನೆನಪಾಗುವುದೇ ಇಲ್ಲ. ಅವನನ್ನು ವರ್ಣಿಸಿದ ನನ್ನ ವಾಕ್ಯವಷ್ಟೇ ನೆನಪಾಗುತ್ತದೆ. ಹೀಗಿರುವಾಗ ಇಂದಿನ ನೀವು ಆ ರಾತ್ರಿಗಳಿಗೆ ಅಂದಿನ ನಿಮಗಿಂತ ಉತ್ತಮ ಸಾಕ್ಷಿ ಎಂದು ಹೇಳಲಾಗದು. ಇಂದಿನ ನೀವು ಹೆಚ್ಚು ಕರುಣೆಯುಳ್ಳವರಿರಬಹುದು, ಹೆಚ್ಚು ತಿಳಿದವರಿರಬಹುದು. ಆದರೆ ಆ ಬಾಗಿಲಿಗೆ ಹತ್ತಿರವಿದ್ದವಳು ಬರೆದ ಮಾತು ಬೇರೆ.

ಆ ಕೆಮ್ಮಿನ ಪತ್ರವನ್ನೇ ನೋಡಿ. ಅಪ್ಪನ ಕೆಮ್ಮನ್ನು ಕೇಳಿಸಿಕೊಂಡು, ಕಾರಣ ತಿಳಿಯದೆಯೂ, ಅದನ್ನು ಪುಟದ ಮೇಲೆ ಇಟ್ಟವಳು ಅದೇ ಸಿಟ್ಟಿನ ಹುಡುಗಿ. ನೀವು ಆ ಭಾಗವನ್ನು ಈಗ ಮತ್ತೆ ಬರೆದರೆ ಕೆಮ್ಮಿನ ಅರ್ಥವನ್ನೂ ನೀವೇ ಹೇಳಿಬಿಡುತ್ತೀರಿ. ಆಗ ಮುಂದೆ ಬರುವ ಯಾವ ತಂದೆಗೂ ಅದನ್ನು ತಾನಾಗಿ ಕಂಡುಕೊಳ್ಳುವ ಅವಕಾಶವಿರುವುದಿಲ್ಲ.

ಹಾಗಾದರೆ ಈಗಿನ ತಿಳಿವಳಿಕೆಗೆ ಜಾಗವೆಲ್ಲಿ? ನನಗೆ ಇಲ್ಲಿ ಇಟಲಿಯ ಲೇಖಕ ಪ್ರೀಮೊ ಲೆವಿಯವರ ಉದಾಹರಣೆ ಬಹಳ ಮುಖ್ಯವೆನಿಸುತ್ತದೆ. ನಾಜಿಗಳ ಸೆರೆಶಿಬಿರವಾಗಿದ್ದ ಆಶ್ವಿಟ್ಸ್‌ನ ಅನುಭವವನ್ನು ಕುರಿತ ಅವರ ಮೊದಲ ಪುಸ್ತಕವನ್ನು ಹೆಸರಾಂತ ಪ್ರಕಾಶಕರಾದ ಐನಾಉದಿ ಒಪ್ಪಿಕೊಳ್ಳದೆ ಹೋದುದರಿಂದ, 1947ರಲ್ಲಿ ಚಿಕ್ಕ ಪ್ರಕಾಶಕರೊಬ್ಬರು 2,500 ಪ್ರತಿಗಳನ್ನು ಅಚ್ಚು ಹಾಕಿಸಿದರು. ಅವೂ ಪೂರ್ತಿ ಮಾರಾಟವಾಗಲಿಲ್ಲ. 1958ರಲ್ಲಿ ಅದೇ ಐನಾಉದಿ ಪುಸ್ತಕವನ್ನು ಮತ್ತೆ ಪ್ರಕಟಿಸಿದ ಮೇಲೆ ಅದಕ್ಕೆ ನಿಜವಾದ ಓದುಗರು ದೊರೆತರು. 1961ರಲ್ಲಿ ಜರ್ಮನ್ ಅನುವಾದ ಬಂದಾಗ ಜರ್ಮನ್ ಓದುಗರಿಂದ ಅವರಿಗೆ ಪತ್ರಗಳು ಬಂದವು. ಆ ಪತ್ರಗಳನ್ನು ಅವರು ಜೋಪಾನವಾಗಿಟ್ಟುಕೊಂಡು, 1986ರಲ್ಲಿ ಬಂದ ಪುಸ್ತಕದ ಒಂದು ಅಧ್ಯಾಯವನ್ನೇ ಅವುಗಳಿಗೆ ಮೀಸಲಿಟ್ಟರು. ಇನ್ನೂ ಒಂದು ಸಂಗತಿ: ಶಾಲೆಗಳಲ್ಲಿ ಮಾತನಾಡಲು ಹೋದಾಗಲೆಲ್ಲ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಶಾಲಾ ಆವೃತ್ತಿಗಾಗಿ 1976ರಲ್ಲಿ ಅವಕ್ಕೆಲ್ಲ ಉತ್ತರ ರೂಪದ ಒಂದು ಅನುಬಂಧವನ್ನು ಬರೆದರು. ಜರ್ಮನ್ನರ ಮೇಲೆ ನಿಮಗೆ ದ್ವೇಷವಿಲ್ಲವೇ, ಮತ್ತೆ ಅಲ್ಲಿಗೆ ಹೋಗಿದ್ದಿರಾ ಎಂಬಂಥ ಪ್ರಶ್ನೆಗಳು ಅವು. 1958ರ ಆವೃತ್ತಿಗೆ ಅವರು ಕೆಲವು ಭಾಗಗಳನ್ನು ಸೇರಿಸಿದ್ದರು ಎಂಬುದನ್ನೂ ಹೇಳಲೇಬೇಕು. ಅವರು ಪಠ್ಯವನ್ನು ಮುಟ್ಟಲೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಓದುಗರು ಎಬ್ಬಿಸಿದ ಪ್ರಶ್ನೆಗಳಿಗೆ ಅವರು ಉತ್ತರ ಕೊಟ್ಟದ್ದು ಪುಸ್ತಕದ ಹೊರಗೆ ನಿಂತು, ಬೇರೆ ದಿನಾಂಕದಲ್ಲಿ, ಬೇರೆ ಬರಹವಾಗಿ. ನೀವೂ ಹಾಗೆಯೇ ಮಾಡಬಹುದು. ಅಪ್ಪನ ಬಗ್ಗೆ ಈಗ ಹೇಳಬೇಕಾದದ್ದನ್ನೆಲ್ಲ ಒಂದು ಹಿನ್ನುಡಿಯಾಗಿ ಬರೆಯಿರಿ. ಕಡ್ಡಾಯವಾಗಿ ಕೊನೆಯಲ್ಲಿರಲಿ, ಮೊದಲಲ್ಲಿಟ್ಟರೆ ಓದುಗರು ಹುಡುಗಿಯ ಸಿಟ್ಟನ್ನು ನಂಬದೆಯೇ ಒಳಗೆ ಹೋಗುತ್ತಾರೆ.

ಸಿಟ್ಟಿನ ಪತ್ರಗಳಿಗೆ ನಾನು ಸಮರ್ಥನೆ ಬರೆಯುವುದಿಲ್ಲ. ಅವರ ಕೋಪ ನಮ್ಮ ಮನೆಯ ಮನುಷ್ಯನ ಮೇಲೆ ತೋರಿದಂತೆ ಕಂಡರೂ ಬಹುತೇಕ ಅವರದೇ ಮನೆಯ ಯಾರ ಮೇಲೋ ಇರುತ್ತದೆ. ನನಗೆ ಬರೆಯುವವರಿಗೆ ಅವರ ಮನೆಯ ಸ್ಥಿತಿ ಹೇಗಿದೆ ಎಂದು ನಾನು ಮೊದಲು ಕೇಳುತ್ತೇನೆ. ಎರಡನೆಯ ಪತ್ರದಲ್ಲಿ ನನ್ನ ಪುಸ್ತಕದ ಪ್ರಸ್ತಾಪವೇ ಇರುವುದಿಲ್ಲ.

ಉತ್ತರ: ಅಚ್ಚುಮೊಳೆ

ನಾನು ಪುಸ್ತಕ ಸಂಪಾದನೆಯ ಕೆಲಸದಲ್ಲಿರುವವನು. ಕರಡುಪ್ರತಿಯವರ ಮಾತಿನಲ್ಲಿ ಬಹಳಷ್ಟನ್ನು ಒಪ್ಪುತ್ತೇನೆ, ಒಂದು ಮುಖ್ಯ ವಿಷಯದಲ್ಲಿ ಒಪ್ಪುವುದಿಲ್ಲ. ಅದಕ್ಕೆ ಮೊದಲು ವ್ಯವಹಾರದ ಸಂಗತಿಗಳು.

ಹೊಸ ಪ್ರಕಾಶಕರಿಗೆ ಮಾತು ಕೊಡುವ ಮುನ್ನ ಹಳೆಯ ಒಪ್ಪಂದವನ್ನು ಹುಡುಕಿ ತೆಗೆಯಿರಿ. ಪುಸ್ತಕ ಮಾರಾಟದಲ್ಲಿ ಇಲ್ಲವೆಂದ ಮಾತ್ರಕ್ಕೆ ಪ್ರಕಟಣೆಯ ಹಕ್ಕು ತಾನಾಗಿಯೇ ನಿಮಗೆ ಮರಳಿದೆ ಎಂದುಕೊಳ್ಳಬಾರದು. ಒಪ್ಪಂದಕ್ಕೆ ಅವಧಿ ಇದೆಯೇ, ಪ್ರತಿಗಳು ಮುಗಿದ ಮೇಲೆ ಹಕ್ಕು ಲೇಖಕರಿಗೆ ಮರಳುವ ಕಲಮು ಇದೆಯೇ ಎಂದು ನೋಡಿ, ಏನೇ ಇದ್ದರೂ ಹಳೆಯ ಪ್ರಕಾಶಕರಿಂದ ಒಂದು ಲಿಖಿತ ಪತ್ರ ಪಡೆಯಿರಿ. ಮುಖಪುಟದ ಚಿತ್ರ ಬಿಡಿಸಿದವರ ಹಕ್ಕು ಬೇರೆ, ಒಳಗಿನ ಛಾಯಾಚಿತ್ರಗಳದ್ದು ಬೇರೆ. ಓದುಗರು ಕೈಯಿಂದ ಕೈಗೆ ದಾಟಿಸುತ್ತಿರುವ ಹಳೆಯ ಪ್ರತಿಗಳಿಂದ ನಿಮಗೆ ಗೌರವಧನವೇನೂ ಬರುವುದಿಲ್ಲ, ಬರಬೇಕಾದದ್ದೂ ಇಲ್ಲ. ಆದರೆ ಈಗ ನಿಮಗೆ ಬಂದಿರುವ ಪತ್ರಗಳೇ ಹೊಸ ಪ್ರಕಾಶಕರ ಮುಂದೆ ಇಡಬಹುದಾದ ಬಲವಾದ ಆಧಾರ.

ಹಳೆಯ ಅಕ್ಷರಜೋಡಣೆಯ ಕಡತ ಸಿಗುವುದು ಅನುಮಾನ. ಸಿಗದಿದ್ದರೆ ಪುಟಗಳನ್ನು ಸ್ಕ್ಯಾನ್ ಮಾಡಿ ತಂತ್ರಾಂಶದಿಂದ ಪಠ್ಯವನ್ನು ಎತ್ತುತ್ತಾರೆ. ಒತ್ತಕ್ಷರಗಳಲ್ಲಿಯೂ ದೀರ್ಘದ ಗುರುತುಗಳಲ್ಲಿಯೂ ಹೊಸ ತಪ್ಪುಗಳು ನುಸುಳುವುದು ಆ ಹಂತದಲ್ಲಿಯೇ. ಪಠ್ಯವನ್ನು ಬದಲಿಸುವುದಿಲ್ಲ ಎಂದು ನೀವು ಎಷ್ಟೇ ಗಟ್ಟಿಯಾಗಿ ನಿರ್ಧರಿಸಿದರೂ, ಮೊದಲ ಮುದ್ರಣದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಾಳೆ ನೋಡದಿದ್ದರೆ ಆ ನಿರ್ಧಾರಕ್ಕೆ ಅರ್ಥವಿರುವುದಿಲ್ಲ. ಪ್ರಕಾಶನ ಬೇರೆಯಾಗುವುದರಿಂದ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ಹೊಸದಾಗಿಯೇ ಬೇಕು. ಹಕ್ಕುಗಳ ಪುಟದಲ್ಲಿ ಮೊದಲ ಮುದ್ರಣದ ವರ್ಷವನ್ನು ತಪ್ಪದೆ ಹಾಕಿಸಿ. ಅಂದಿನ ಔಷಧಿ, ಅಂದಿನ ಚಿಕಿತ್ಸೆಯ ಕ್ರಮಗಳು ಇಂದಿನವಲ್ಲ. ಈಗ ಮನೆಯಲ್ಲಿ ರೋಗಿಯಿರುವ ಓದುಗರಿಗೆ ಆ ವರ್ಷ ಕಣ್ಣಿಗೆ ಬೀಳಲೇಬೇಕು.

ಇನ್ನು ನನ್ನ ತಕರಾರು. ಅಂದಿನ ಹುಡುಗಿ ಸಾಕ್ಷಿ, ಸಾಕ್ಷಿಯ ಮಾತನ್ನು ತಿದ್ದಬಾರದು ಎಂಬ ವಾದ ಅಪ್ಪನ ಮಟ್ಟಿಗೆ ಸರಿ. ಅವರು ಈಗ ಇಲ್ಲ, ಸಾಕ್ಷಿ ನುಡಿದವರು ನೀವು, ಅದರ ಭಾರ ಹೊರುವವರೂ ನೀವು. ಆದರೆ ಆ ಪುಸ್ತಕದಲ್ಲಿ ಚಿಲಕದ ಒಳಗಿದ್ದವರು ನಿಮ್ಮ ಅಣ್ಣ. ನಿಮ್ಮ ಪ್ರಶ್ನೆಯಲ್ಲಿ ಅಪ್ಪ ಇದ್ದಾರೆ, ನೀವಿದ್ದೀರಿ, ಓದುಗರಿದ್ದಾರೆ. ಅಣ್ಣ ಈಗ ಹೇಗಿದ್ದಾರೆ, ಈ ಮರುಮುದ್ರಣದ ಬಗ್ಗೆ ಏನು ಹೇಳುತ್ತಾರೆ ಎಂಬುದು ಬಂದಿಲ್ಲ. ಅವರು ಅಂದು ಒಪ್ಪಿಗೆ ಕೊಟ್ಟಿದ್ದರೂ ಅದು ಅಂದಿನ ಸ್ಥಿತಿಯಲ್ಲಿ, ಕೆಲವೇ ಜನ ಓದಲಿರುವ ಒಂದು ಚಿಕ್ಕ ಪುಸ್ತಕಕ್ಕೆ ಕೊಟ್ಟ ಒಪ್ಪಿಗೆ. ಪುಸ್ತಕ ಮರೆತುಹೋಗಿದ್ದ ವರ್ಷಗಳಲ್ಲಿ ಆ ಮರೆವೇ ಅವರಿಗೊಂದು ರಕ್ಷಣೆಯಾಗಿದ್ದಿರಬಹುದು. ಈಗ ಹೆಸರು ಹಾಕಿ ಹುಡುಕಿದರೆ ಯಾರಿಗೆ ಬೇಕಾದರೂ ಅವರ ಅತ್ಯಂತ ಕೆಟ್ಟ ದಿನಗಳು ಸಿಗುತ್ತವೆ. ಆತ್ಮಕಥನಗಳು ತಡವಾಗಿ ಬೆಳಕಿಗೆ ಬರುವಾಗ ಲೇಖಕರ ಸಂಭ್ರಮದಲ್ಲಿ ಕಾಣದೆ ಹೋಗುವುದು ಇದೇ. ಬದುಕಿರುವವರ ಹೆಸರನ್ನೋ ಗುರುತನ್ನೋ ಬದಲಿಸುವುದು, ಅವರು ಬೇಡವೆಂದ ಒಂದು ಪ್ರಸಂಗವನ್ನು ಬಿಡುವುದು ಪಠ್ಯಕ್ಕೆ ಬಗೆಯುವ ದ್ರೋಹವೆಂದು ನಾನು ಒಪ್ಪಲಾರೆ. ಹಾಗೆ ಬಿಟ್ಟಿದ್ದರೆ ಬಿಟ್ಟಿದ್ದೇವೆ ಎಂದು ಹಿನ್ನುಡಿಯಲ್ಲಿ ಒಂದು ವಾಕ್ಯ ಹೇಳಿದರಾಯಿತು. ಏನನ್ನು ಬಿಟ್ಟಿದ್ದೇವೆ ಎಂದು ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲು ಅಣ್ಣನ ಕೈಗೆ ಪುಸ್ತಕ ಕೊಡಿ, ಆಮೇಲೆ ಪ್ರಕಾಶಕರೊಡನೆ ಮಾತನಾಡಿ.

ಉತ್ತರ: ತಡವಾಗಿ ಬಂದ ಓದುಗಿ

ನಾನು ಬರೆಯುವವಳಲ್ಲ, ಓದುವವಳು. ತಡವಾಗಿ ಬಂದ ಓದುಗರ ಕಡೆಯಿಂದ ಒಂದು ಮಾತು ಹೇಳಬೇಕೆನಿಸಿತು.

ದಯವಿಟ್ಟು ಆ ಸಿಟ್ಟನ್ನು ತೆಗೆಯಬೇಡಿ. ನನ್ನ ತಂಗಿಯ ಕಾಯಿಲೆಯ ದಿನಗಳಲ್ಲಿ ನನಗೆ ಎಲ್ಲರೂ ತಾಳ್ಮೆಯನ್ನು ಕುರಿತು ಹೇಳಿದರು. ನೋಡಿಕೊಳ್ಳುವವರಿಗಾಗಿ ಬರೆದ ಪುಸ್ತಕಗಳೂ ಅದನ್ನೇ ಹೇಳುತ್ತಿದ್ದವು. ನನಗೆ ಮನೆಯವರ ಮೇಲೆ ಬರುತ್ತಿದ್ದ ಕೋಪ, ಕೆಲವೊಮ್ಮೆ ತಂಗಿಯ ಮೇಲೆಯೇ ಬರುತ್ತಿದ್ದ ಕೋಪ, ಬೇರೆ ಯಾರಿಗೂ ಬಂದದ್ದಿಲ್ಲವೇನೋ ಎಂದು ನಾಚಿಕೆಪಟ್ಟುಕೊಂಡಿದ್ದೆ. ಆಗ ಒಂದು ಹಳೆಯ ಆತ್ಮಕಥನ ಸಿಕ್ಕಿತು. ಅದರಲ್ಲಿ ನನ್ನ ವಯಸ್ಸಿನವಳೊಬ್ಬಳು ಯಾವ ಸಮಜಾಯಿಷಿಯೂ ಇಲ್ಲದೆ ಕೋಪಿಸಿಕೊಂಡಿದ್ದಳು. ಆ ಪುಟಗಳಿಂದಲೇ ನಾನು ಉಸಿರಾಡಿದೆ. ನಂತರ ಬಂದ ಕ್ಷಮೆ ಆಕೆಗೆ ಆಕೆಯ ಕಾಲದಲ್ಲಿ ಬಂದದ್ದು. ಅದನ್ನು ಮೊದಲ ಪುಟದಿಂದಲೇ ಬೆರೆಸಿಕೊಟ್ಟಿದ್ದರೆ ನಾನು ಆ ಪುಸ್ತಕವನ್ನೂ ಉಪದೇಶವೆಂದು ಬದಿಗಿಡುತ್ತಿದ್ದೆ.

ಆ ಲೇಖಕಿಗೆ ನಾನು ಪತ್ರ ಬರೆಯಬೇಕೆಂದು ವಿಳಾಸ ಹುಡುಕಿದಾಗ ಅವರು ತೀರಿಕೊಂಡಿದ್ದರು. ಬನಾರಸೀದಾಸ ಎಂಬ ಜೈನ ವರ್ತಕ ಕವಿ 1641ರಲ್ಲಿ ತನ್ನ ಬದುಕನ್ನು ಪದ್ಯದಲ್ಲಿ ಬರೆದು, ಮನುಷ್ಯನ ಆಯುಷ್ಯ 110 ವರ್ಷ ಎಂಬ ಲೆಕ್ಕದಲ್ಲಿ ತನಗಾಗ 55 ಆಗಿದ್ದರಿಂದ ಅದನ್ನು ಅರ್ಧ ಕಥೆಯೆಂದು ಕರೆದನಂತೆ. ಆ ಕೃತಿ ಅಚ್ಚಾದದ್ದು 1943ರಲ್ಲಿ. ಉಳಿದರ್ಧ ಏನಾಯಿತು ಎಂದು ಕೇಳಬೇಕೆಂದರೂ ಆ ಓದುಗರಿಗೆ ಕೇಳಲು ಯಾರೂ ಇರಲಿಲ್ಲ. ನಿಮ್ಮ ಓದುಗರಿಗೆ ನೀವಿದ್ದೀರಿ. ಉದ್ದದ ಉತ್ತರ ಬೇಕಿಲ್ಲ. ಪತ್ರ ತಲುಪಿತು, ಓದಿದೆ ಎಂಬ ಎರಡು ಸಾಲು ಬಂದರೂ ನಮಗೆ ಅದು ದೊಡ್ಡದು.

ಉತ್ತರ: ಕಡತಪಾಲಕ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಹಳೆಯ ದಾಖಲೆಗಳನ್ನು ಕಾಯುವುದು ನನ್ನ ವೃತ್ತಿ. ನಿಮಗೆ ಬರುತ್ತಿರುವ ಪತ್ರಗಳನ್ನೂ, ಪುಸ್ತಕದ ಹಸ್ತಪ್ರತಿ, ಆ ವರ್ಷಗಳ ದಿನಚರಿ, ಪ್ರಕಾಶಕರೊಂದಿಗಿನ ಪತ್ರವ್ಯವಹಾರ ಇವುಗಳನ್ನೂ ಒಂದೆಡೆ ಇಡಿ. ಕಾಗದದ ಪತ್ರವಾದರೆ ಲಕೋಟೆಯ ಸಮೇತ ಇಡಿ, ಏಕೆಂದರೆ ಬಹಳ ಜನ ಪತ್ರದಲ್ಲಿ ದಿನಾಂಕ ಬರೆಯುವುದಿಲ್ಲ, ಅಂಚೆ ಮುದ್ರೆಯೊಂದೇ ಅದನ್ನು ಹೇಳುತ್ತದೆ. ಮಿಂಚಂಚೆಯಾದರೆ ಕಳುಹಿಸಿದವರ ಹೆಸರು, ದಿನಾಂಕ ಕಾಣುವಂತೆ ಒಂದು ಪ್ರತಿ ಮುದ್ರಿಸಿಡಿ. ಪೆಟ್ಟಿಗೆಗೆ ಲೋಹದ ಪಿನ್ನುಗಳನ್ನೂ ರಬ್ಬರ್ ಬ್ಯಾಂಡನ್ನೂ ಹಾಕಬೇಡಿ. ಒಂದು ತುಕ್ಕು ಹಿಡಿಯುತ್ತದೆ, ಇನ್ನೊಂದು ಕರಗಿ ಅಂಟಿಕೊಳ್ಳುತ್ತದೆ.

ಇಷ್ಟೊಂದು ಏಕೆ ಎಂದರೆ, ತಡವಾಗಿ ಬಂದ ಓದುಗರೆಲ್ಲರೂ ನಂಬಿಕೊಂಡೇ ಬರುವುದಿಲ್ಲ. ಅಮೆರಿಕದ ಕಪ್ಪು ಮಹಿಳೆ ಹ್ಯಾರಿಯೆಟ್ ಜೇಕಬ್ಸ್ ಗುಲಾಮಗಿರಿಯಲ್ಲಿ ಕಳೆದ ತಮ್ಮ ಬದುಕನ್ನು ಕುರಿತು 1861ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಪುಸ್ತಕದ ಗತಿ ಹಾಗಾಯಿತು. ಅವರು 1897ರಲ್ಲಿ ತೀರಿಕೊಂಡರು. ಅದರ ನಂತರ ಬಹುಕಾಲ ವಿದ್ವಾಂಸರು ಆ ಪುಸ್ತಕವನ್ನು ಕಟ್ಟುಕಥೆಯೆಂದೂ, ಅದರ ಸಂಪಾದಕಿಯಾಗಿದ್ದ ಬಿಳಿಯ ಲೇಖಕಿಯೇ ಬರೆದದ್ದಿರಬೇಕೆಂದೂ ತಿಳಿದಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ, ಜೇಕಬ್ಸ್ ತಮ್ಮ ಗೆಳತಿ ಏಮಿ ಪೋಸ್ಟ್‌ಗೆ ಬರೆದಿದ್ದ ಪತ್ರಗಳನ್ನೂ ಇತರ ದಾಖಲೆಗಳನ್ನೂ ಪುಸ್ತಕದೊಂದಿಗೆ ತಾಳೆ ಹಾಕಿ, 1987ರ ತಮ್ಮ ಆವೃತ್ತಿಯಲ್ಲಿ ಅದು ಜೇಕಬ್ಸ್ ತಾವೇ ಬರೆದ ನಿಜವಾದ ಆತ್ಮಕಥನವೆಂದು ಸ್ಥಾಪಿಸಿದರು. ಆ ಗೆಳತಿಯ ಮನೆಯವರು ಕಾಗದಗಳನ್ನು ಬಿಸಾಡಿದ್ದರೆ ಆ ಹೆಣ್ಣುಮಗಳ ಮಾತಿಗೆ ಇಂದಿಗೂ ಬೆಲೆ ಬರುತ್ತಿರಲಿಲ್ಲವೇನೋ.

ಮೊದಲ ಮುದ್ರಣದ ಎರಡು ಮೂರು ಪ್ರತಿಗಳನ್ನು ಯಾರಿಗೂ ಕೊಡದೆ ನಿಮ್ಮಲ್ಲಿ ಉಳಿಸಿಕೊಳ್ಳಿ. ಅಚ್ಚುಮೊಳೆಯವರು ಹೇಳಿದಂತೆ ಯಾವುದಾದರೂ ಪ್ರಸಂಗವನ್ನು ಹೊಸ ಮುದ್ರಣದಿಂದ ತೆಗೆದರೂ, ಮೊದಲ ಮುದ್ರಣ ಗ್ರಂಥಾಲಯಗಳ ಕಪಾಟಿನಲ್ಲಿ ಇದ್ದೇ ಇರುತ್ತದೆ ಎಂಬುದನ್ನು ಅಣ್ಣನವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿ. ತೆಗೆದುಹಾಕಿದ್ದೇವೆ ಎಂದು ಅವರು ಪೂರ್ತಿ ನಿಶ್ಚಿಂತರಾಗಿ, ಮುಂದೊಂದು ದಿನ ಯಾರೋ ಹಳೆಯ ಪ್ರತಿ ತೋರಿಸಿದಾಗ ನೋಯುವಂತಾಗಬಾರದು.

ಪುಟತಿರುವು (ಪ್ರಶ್ನೆ ಕೇಳಿದವರು)

ನಿಮ್ಮೆಲ್ಲರ ಉತ್ತರಗಳನ್ನು ಓದಿ, ಅಣ್ಣನೊಡನೆ ಮಾತನಾಡಿ, ಈಗ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ.

ಅಣ್ಣ ಚೆನ್ನಾಗಿದ್ದಾನೆ. ಔಷಧಿ ಮುಂದುವರಿದಿದೆ, ತನ್ನ ಕೆಲಸ, ತನ್ನ ಮನೆ ಎಂದು ಇದ್ದಾನೆ. ಪುಸ್ತಕ ಬಂದಾಗ ಅವನು ಅದನ್ನು ಅರ್ಧ ಓದಿ ಇಟ್ಟಿದ್ದ. ಈ ಸಲ ಪೂರ್ತಿ ಓದಿದ. ಅಪ್ಪನ ವಿಷಯದಲ್ಲಿ ಅವನಿಗೆ ನನ್ನಷ್ಟು ಚಿಂತೆಯಿಲ್ಲ. ನೀನು ಕಂಡದ್ದನ್ನು ನೀನು ಬರೆದಿದ್ದೀಯ, ಹಾಗೆಯೇ ಇರಲಿ ಎಂದ. ಕೆಮ್ಮಿನ ಪತ್ರವನ್ನು ತೋರಿಸಿದೆ. ಅವನಿಗೆ ಕೆಮ್ಮು ನೆನಪಿಲ್ಲವಂತೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅಪ್ಪನ ಕಾಲಿನ ನೆರಳು ಆ ಕಡೆಯಿಂದ ಈ ಕಡೆಗೆ ಸರಿಯುತ್ತಿದ್ದದ್ದು ನೆನಪಿದೆ ಎಂದ. ಕೆಲವು ರಾತ್ರಿ ಅದನ್ನು ನೋಡುತ್ತಾ ಮಲಗುತ್ತಿದ್ದನಂತೆ, ಕೆಲವು ರಾತ್ರಿ ಅದೇ ನೆರಳು ಅವನನ್ನು ವಿಪರೀತ ಹೆದರಿಸುತ್ತಿತ್ತಂತೆ. ಆ ತಂದೆಯ ಊಹೆಯನ್ನು ಇದು ನಿಜ ಮಾಡುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಹೇಳಬೇಕಾಗಿಯೂ ಇಲ್ಲ ಎಂದು ನನಗೀಗ ಅನ್ನಿಸುತ್ತದೆ.

ಆದರೆ ಅವನು ಒಂದು ಪ್ರಸಂಗವನ್ನು ತೆಗೆಯಬೇಕೆಂದು ಕೇಳಿದ. ಅದು ಮನೆಯ ಹೊರಗೆ, ಬೇರೆಯವರ ಎದುರಿನಲ್ಲಿ ನಡೆದದ್ದು. ಆಗ ಅಲ್ಲಿದ್ದ ಕೆಲವರೊಡನೆ ಅವನಿಗೆ ಈಗಲೂ ಒಡನಾಟವಿದೆ. ಬರಹವಾಗಿ ಆ ಪುಸ್ತಕದಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಪುಟಗಳು ಅವೇ. ತೆಗೆಯುತ್ತೇನೆಂದು ಮಾತು ಕೊಟ್ಟಿದ್ದೇನೆ. ಕಡತಪಾಲಕರು ಹೇಳಿದ್ದನ್ನೂ ಅವನಿಗೆ ವಿವರಿಸಿದೆ. ಹಳೆಯ ಪ್ರತಿಗಳ ಬಗ್ಗೆ ತನಗೆ ಗೊತ್ತಿದೆ, ಹೊಸದಾಗಿ ಹೇಳಿದಂತಾಗಬಾರದು ಅಷ್ಟೇ ಎಂದ. ಈ ಮಾತು ನನಗೆ ಪೂರ್ತಿಯಾಗಿ ಅರ್ಥವಾಯಿತು. ಕರಡುಪ್ರತಿಯವರೇ, ನಿಮ್ಮ ವಾದವನ್ನು ನಾನು ಮನಸಾರೆ ಒಪ್ಪಿದ್ದರೂ ಈ ಒಂದು ಕಡೆ ಅದನ್ನು ಮೀರುತ್ತಿದ್ದೇನೆ.

ಉಳಿದ ಪಠ್ಯ ಇದ್ದಂತೆಯೇ ಇರುತ್ತದೆ, ಅಪ್ಪನ ಮೇಲಿನ ಸಿಟ್ಟೂ ಸೇರಿದಂತೆ. ಓದುಗಿಯವರು ಬರೆದದ್ದನ್ನು ಓದಿದ ಮೇಲೆ ಅದನ್ನು ಮೃದುಗೊಳಿಸುವ ಯೋಚನೆ ಬಿಟ್ಟುಹೋಯಿತು. ಕೊನೆಯಲ್ಲಿ ಒಂದು ಹಿನ್ನುಡಿ ಬರೆಯುತ್ತಿದ್ದೇನೆ. ಅಪ್ಪನ ಕೊನೆಯ ವರ್ಷಗಳು, ಅಣ್ಣನ ಈಗಿನ ಬದುಕಿನ ಬಗ್ಗೆ ಅವನು ಒಪ್ಪಿದಷ್ಟು, ಬಾಗಿಲ ಸಂದಿಯ ನೆರಳಿನ ಬಗ್ಗೆ ಅವನು ತಾನೇ ಹೇಳಿ ಬರೆಸಿದ ಒಂದು ಪ್ಯಾರಾ. ಕೆಮ್ಮನ್ನು ಕುರಿತ ಪತ್ರವನ್ನೂ ಅದರಲ್ಲಿ ಸೇರಿಸುವ ಆಸೆಯಿದೆ. ಅದು ನನಗೆ ಬಂದ ಪತ್ರವಾದ್ದರಿಂದ ಹಾಕಿಕೊಳ್ಳಬಹುದೇ, ಅಥವಾ ಅನುಮತಿ ಬೇಕೇ? ಇಲ್ಲಿ ಅದರ ಎರಡು ಸಾಲುಗಳನ್ನು ಹಂಚಿಕೊಳ್ಳುವ ಮೊದಲು ಅವರನ್ನು ಕೇಳಿದ್ದೆ, ಆದರೆ ಪುಸ್ತಕದ ಮಾತು ಬೇರೆಯೆಂದು ಕಾಣುತ್ತದೆ.

ಉತ್ತರ: ಅಚ್ಚುಮೊಳೆ

ಅನುಮತಿ ಬೇಕು. ಪತ್ರದ ಕಾಗದ ನಿಮ್ಮದು, ಅದರಲ್ಲಿರುವ ಮಾತಿನ ಹಕ್ಕು ಬರೆದವರದು. ಇಲ್ಲಿ ಹಂಚಿಕೊಳ್ಳಲು ಅವರು ಒಪ್ಪಿದ್ದನ್ನು ಪುಸ್ತಕಕ್ಕೆ ಒಪ್ಪಿದಂತೆ ಎಂದು ತಿಳಿಯಬೇಡಿ. ಹಿನ್ನುಡಿಯಲ್ಲಿ ಆ ಭಾಗ ಹೇಗೆ ಕಾಣುತ್ತದೆಯೋ ಹಾಗೆಯೇ, ಹಿಂದುಮುಂದಿನ ವಾಕ್ಯಗಳ ಸಮೇತ ಅವರಿಗೆ ಕಳುಹಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಅವರ ಮಗನೂ ದೊಡ್ಡವನಾಗಿದ್ದರೆ, ಆ ಮಾತು ಅವನನ್ನು ಕುರಿತದ್ದೂ ಆಗಿರುವುದರಿಂದ, ಮಗನನ್ನು ಕೇಳಿದ್ದೀರಾ ಎಂದು ತಂದೆಯನ್ನು ವಿಚಾರಿಸಿ. ಹೆಸರು, ಕಸುಬು, ಗುರುತು ಸಿಗುವಂಥ ಯಾವ ವಿವರವೂ ಬೇಡ. ಉತ್ತರ ಬಾರದಿದ್ದರೆ, ಅಥವಾ ಅವರು ಹಿಂಜರಿದರೆ, ಪತ್ರವನ್ನು ಉದ್ಧರಿಸದೆ, ಅಪ್ಪನ ಕೆಮ್ಮಿಗೆ ಬೇರೆ ಅರ್ಥವಿದ್ದಿರಬಹುದೆಂದು ಒಬ್ಬ ಓದುಗರಿಂದ ತಿಳಿಯಿತು ಎಂದಷ್ಟೇ ಬರೆಯಿರಿ. ಹಿನ್ನುಡಿಯ ಕೆಳಗೆ ತಿಂಗಳು, ವರ್ಷ ಹಾಕುವುದನ್ನು ಮರೆಯಬೇಡಿ. ಒಪ್ಪಂದದ ಹಳೆಯ ಪ್ರತಿ ಸಿಕ್ಕಿತೇ ಎಂಬುದನ್ನು ತಿಳಿಸಿ. ಹಕ್ಕು ಮರಳಿಸುವಂತೆ ಕೋರುವ ಪತ್ರದ ಮಾದರಿ ನನ್ನಲ್ಲಿದೆ, ಕಳುಹಿಸುತ್ತೇನೆ.